ನ್ಯೂಟ್ರಲ್‌ಗೆ ಕಾವಲಿಲ್ಲ: ಸಬ್ ಡಿಬಿ ವೈರಿಂಗ್‌ನ ಐದು ತಪ್ಪು ಕಲ್ಪನೆಗಳು

ರಾಮಮೂರ್ತಿ ನಗರದ ಅಡ್ಡರಸ್ತೆಗಳಲ್ಲಿ 20×30, 30×40ರ ಸೈಟುಗಳಲ್ಲೇ ಮೂರ್ನಾಲ್ಕು ಮಹಡಿ ಎದ್ದಿವೆ. ಕೆಳಗೆ ಅಂಗಡಿ, ನಡುವೆ ಬಾಡಿಗೆ ಮನೆ, ಮೇಲೆ ಮಾಲೀಕರು. ಬೆಸ್ಕಾಂನಿಂದ ತ್ರೀ ಫೇಸ್ ಸಂಪರ್ಕ ಪಡೆದು, ಮಹಡಿಗೊಂದು ಫೇಸ್ ಹಂಚಿ, ಒಂದೊಂದು ಸಬ್ ಡಿಬಿ (ಉಪ ವಿತರಣಾ ಪೆಟ್ಟಿಗೆ) ಕೂರಿಸುತ್ತಾರೆ. ಫೇಸ್ ವೈರ್ ಎಷ್ಟು ದಪ್ಪ ಇರಬೇಕೆಂದು ಕಟ್ಟಿಸುವವರು ಕೇಳಿ ತಿಳಿಯುತ್ತಾರೆ. ನ್ಯೂಟ್ರಲ್‌ನ ಕಪ್ಪು ವೈರಿನ ಮಾತು ಬಂದಾಗ ಮಾತ್ರ ‘ಏನೋ ಒಂದು ಎಳೆದುಬಿಡಿ’ ಎಂಬ ಉದಾಸೀನ.

ತಪ್ಪು ಕಲ್ಪನೆ 1: ನ್ಯೂಟ್ರಲ್‌ನಲ್ಲಿ ಟೆಸ್ಟರ್ ಹತ್ತುವುದಿಲ್ಲ, ಕರೆಂಟೇ ಇಲ್ಲ. ಸಣ್ಣ ವೈರ್ ಸಾಕು.

ವಾಸ್ತವ: ಟೆಸ್ಟರ್ ತೋರಿಸುವುದು ನೆಲಕ್ಕೆ ಹೋಲಿಸಿದ ವೋಲ್ಟೇಜನ್ನು. ವೈರಿನಲ್ಲಿ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದು ಅದಕ್ಕೆ ತಿಳಿಯದು. 230 ವೋಲ್ಟ್‌ನಲ್ಲಿ 2 ಕಿಲೋವ್ಯಾಟ್ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಫೇಸ್‌ನಲ್ಲಿ ಬಂದ ಅಷ್ಟೂ ಕರೆಂಟ್ ನ್ಯೂಟ್ರಲ್‌ನಲ್ಲೇ ಮರಳಬೇಕು. ಸಿಂಗಲ್ ಫೇಸ್ ಸಬ್ ಡಿಬಿಗೆ ಫೇಸ್ 10 ಸ್ಕ್ವೇರ್ ಎಂಎಂ ಎಳೆದರೆ ನ್ಯೂಟ್ರಲ್ ಕೂಡ 10 ಇರಬೇಕು.

ತಪ್ಪು ಕಲ್ಪನೆ 2: ತ್ರೀ ಫೇಸ್‌ನಲ್ಲಿ ನ್ಯೂಟ್ರಲ್ ಕರೆಂಟ್ ಸೊನ್ನೆ. ಅರ್ಧ ಸೈಜ್ ಸಾಕು.

ವಾಸ್ತವ: ಮೂರೂ ಫೇಸ್‌ಗಳ ಲೋಡ್ ಸಮನಾಗಿದ್ದರೆ ಮಾತ್ರ ಸೊನ್ನೆ. ಮೋಟಾರುಗಳೇ ತುಂಬಿದ ಕಾರ್ಖಾನೆಗೆ ಈ ಲೆಕ್ಕ ಹೊಂದೀತು, ಬಾಡಿಗೆ ಮನೆಗಳಿಗಲ್ಲ. ಬೆಳಿಗ್ಗೆ ಆರಕ್ಕೆ ಅಂಗಡಿ ಮುಚ್ಚಿರುತ್ತದೆ, ಮೇಲೆ ಗೀಸರ್ ಓಡುತ್ತಿರುತ್ತದೆ. ಫೇಸ್‌ಗಳಲ್ಲಿ 20, 10, 5 ಆಂಪಿಯರ್ ಇದ್ದರೆ ನ್ಯೂಟ್ರಲ್‌ನಲ್ಲಿ ಸುಮಾರು 13. ಒಂದರಲ್ಲಿ ಮಾತ್ರ 20 ಇದ್ದರೆ ನ್ಯೂಟ್ರಲ್‌ನಲ್ಲೂ ಪೂರ್ತಿ 20. ಇದರ ಮೇಲೆ ಎಲ್‌ಇಡಿ ದೀಪ, ಕಂಪ್ಯೂಟರ್, ಚಾರ್ಜರ್‌ಗಳು 150 ಹರ್ಟ್ಸ್‌ನ ಮೂರನೇ ಹಾರ್ಮೋನಿಕ್ ಕರೆಂಟ್ ಹುಟ್ಟಿಸುತ್ತವೆ. ಮೂರು ಫೇಸ್‌ಗಳ ಈ ಕರೆಂಟ್ ನ್ಯೂಟ್ರಲ್‌ನಲ್ಲಿ ಕಳೆಯುವುದಿಲ್ಲ, ಕೂಡುತ್ತದೆ. ಕಂಪ್ಯೂಟರುಗಳೇ ತುಂಬಿದ ಕಚೇರಿಯಲ್ಲಿ ನ್ಯೂಟ್ರಲ್ ಹೊರೆ ಫೇಸ್‌ನ ಹೊರೆಯನ್ನೂ ಮೀರಬಹುದು. ಮನೆಗೆ ಫೇಸ್‌ನಷ್ಟೇ ನ್ಯೂಟ್ರಲ್, ಅಂಥ ಕಚೇರಿಗೆ ಲೆಕ್ಕ ಹಾಕಿ ಅದಕ್ಕಿಂತ ದಪ್ಪ.

ತಪ್ಪು ಕಲ್ಪನೆ 3: ಎರಡು ಸರ್ಕ್ಯೂಟ್‌ಗೆ ಒಂದೇ ನ್ಯೂಟ್ರಲ್ ಎಳೆದರೆ ವೈರ್ ಉಳಿತಾಯ.

ವಾಸ್ತವ: ಒಂದೇ ಫೇಸ್‌ನ ಎರಡು ಸರ್ಕ್ಯೂಟ್‌ಗಳಲ್ಲಿ ತಲಾ 16 ಆಂಪಿಯರ್ ಹರಿದರೆ ಹಂಚಿಕೊಂಡ ನ್ಯೂಟ್ರಲ್‌ನಲ್ಲಿ 32 ಹರಿಯುತ್ತದೆ. ಪೈಪಿನೊಳಗಿನ 2.5 ಸ್ಕ್ವೇರ್ ಎಂಎಂ ವೈರ್ ಅಷ್ಟನ್ನು ತಾಳದು. ಹೊರೆ ಮೀರಿದರೆ ಸಂಪರ್ಕ ಕಡಿಯುವ ಎಂಸಿಬಿಗಳಿಗೆ ಕಾಣುವುದು ತಮ್ಮ ತಮ್ಮ 16 ಮಾತ್ರ, ಅವು ಟ್ರಿಪ್ ಆಗುವುದಿಲ್ಲ. ಹಂಚಿಕೆಯ ಕಪ್ಪು ವೈರ್ ಮಾತ್ರ ಗೋಡೆಯೊಳಗೆ ಬೇಯುತ್ತದೆ. ಕರೆಂಟ್ ಸೋರಿಕೆ ಕಂಡರೆ ಸಂಪರ್ಕ ಕಡಿಯುವ ಬೇರೆ ಬೇರೆ ಆರ್‌ಸಿಸಿಬಿಗಳ ನ್ಯೂಟ್ರಲ್ ಬೆರೆತರೆ ಕಾರಣವೇ ಸಿಗದಂತೆ ಟ್ರಿಪ್ ಆಗುತ್ತಿರುತ್ತದೆ. ಪ್ರತಿ ಆರ್‌ಸಿಸಿಬಿಗೂ ತನ್ನದೇ ನ್ಯೂಟ್ರಲ್ ಲಿಂಕ್ ಬೇಕು.

ಹಳೆಯ ಡಿಬಿಯ ಮುಚ್ಚಳ ತೆಗೆದರೆ ಈ ಉಳಿತಾಯದ ಗುರುತು ಕಣ್ಣಿಗೇ ಬೀಳುತ್ತದೆ. ಹಿತ್ತಾಳೆ ಲಿಂಕ್‌ನ ಒಂದೇ ಸ್ಕ್ರೂ ಕೆಳಗೆ ಮೂರು ವೈರ್ ಹೊಸೆದು ತುರುಕಿರುತ್ತಾರೆ. ಒಂದು ಬಿಗಿಯಾಗಿ ಕೂತಿದ್ದರೆ ಉಳಿದೆರಡು ಕೈಗೆ ಅಲುಗುತ್ತವೆ. ಸಡಿಲ ಜಾಗದಲ್ಲಿ ಬಿಸಿ ಹೆಚ್ಚಿ, ಕಪ್ಪು ಇನ್ಸುಲೇಷನ್ ಸುಕ್ಕುಗಟ್ಟಿ, ತಾಮ್ರದ ಎಳೆಗಳು ಬಣ್ಣಗೆಟ್ಟಿರುತ್ತವೆ. ಒಂದು ಸ್ಕ್ರೂಗೆ ಒಂದೇ ವೈರ್, ತುದಿಗೆ ಲಗ್: ಇಷ್ಟು ಮಾಡಿದ್ದರೆ ಈ ಗತಿ ಬರುತ್ತಿರಲಿಲ್ಲ.

ತಪ್ಪು ಕಲ್ಪನೆ 4: ನ್ಯೂಟ್ರಲ್ ಕಟ್ಟಾದರೆ ಕರೆಂಟ್ ಹೋಗುತ್ತದೆ, ಅಷ್ಟೇ.

ವಾಸ್ತವ: ಸಿಂಗಲ್ ಫೇಸ್‌ನಲ್ಲಿ ಸಾಧನಗಳು ನಿಲ್ಲುತ್ತವೆ, ಆದರೆ ಅವುಗಳ ಮೂಲಕ ನ್ಯೂಟ್ರಲ್ ವೈರ್‌ಗೂ ಫೇಸ್ ಬಂದು ಮುಟ್ಟಿದರೆ ಶಾಕ್ ಹೊಡೆಯುತ್ತದೆ. ತ್ರೀ ಫೇಸ್ ಮನೆಯ ಮುಖ್ಯ ನ್ಯೂಟ್ರಲ್ ಕಟ್ಟಾದರೆ ಅಪಾಯ ಇನ್ನೂ ದೊಡ್ಡದು. ಒಂದು ಮಹಡಿಯಲ್ಲಿ 2000 ವ್ಯಾಟ್ ಗೀಸರ್, ಇನ್ನೊಂದರಲ್ಲಿ 500 ವ್ಯಾಟ್‌ನ ಸಣ್ಣಪುಟ್ಟ ಸಾಧನಗಳು, ಮೂರನೆಯದರಲ್ಲಿ ಎಲ್ಲ ಆಫ್ ಎಂದುಕೊಳ್ಳಿ. ಎರಡೂ ಲೋಡ್‌ಗಳು 400 ವೋಲ್ಟ್‌ಗೆ ಸಾಲಾಗಿ ಸಿಕ್ಕಿಕೊಂಡು, ಗೀಸರ್‌ಗೆ ಸುಮಾರು 80 ವೋಲ್ಟ್, ಸಣ್ಣ ಲೋಡ್‌ಗೆ 320 ವೋಲ್ಟ್ ಬೀಳುತ್ತದೆ. ಟಿವಿ, ಫ್ರಿಜ್ ಸುಡುವುದು ಹೀಗೆ. ಕರೆಂಟ್ ಮಿತಿ ಮೀರದ ಕಾರಣ ಎಂಸಿಬಿ ಸುಮ್ಮನಿರುತ್ತದೆ. ಒಂದು ಮಹಡಿಯ ದೀಪ ಮಂಕಾಗಿ ಇನ್ನೊಂದರದ್ದು ವಿಪರೀತ ಉರಿದರೆ ತಕ್ಷಣ ಮೇನ್ ಆಫ್ ಮಾಡಿ. ದೋಷ ಕಂಬದ ಕಡೆ ಇರಬಹುದೆನಿಸಿದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ನ್ಯೂಟ್ರಲ್‌ಗೆ ಒಂಟಿ ಫ್ಯೂಸ್ ಅಥವಾ ಒಂಟಿ ಸ್ವಿಚ್ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.

ತಪ್ಪು ಕಲ್ಪನೆ 5: ನ್ಯೂಟ್ರಲ್ ಕೈಕೊಟ್ಟರೆ ಅರ್ತಿಂಗ್‌ಗೆ ಜೋಡಿಸಿದರಾಯಿತು.

ವಾಸ್ತವ: ನ್ಯೂಟ್ರಲ್ ಅರ್ತ್ ಆಗುವುದು ಟ್ರಾನ್ಸ್‌ಫಾರ್ಮರ್ ಬಳಿ. ಸಬ್ ಡಿಬಿಯಲ್ಲಿ ಎರಡನ್ನೂ ಬೆಸೆಯಬಾರದು. ಮನೆಯ ಅರ್ತ್ ಪಿಟ್‌ನ ರೋಧ 5 ಓಮ್ ಇದ್ದು, ಅದರಲ್ಲಿ 10 ಆಂಪಿಯರ್ ಹರಿದರೆ ಫ್ರಿಜ್, ವಾಷಿಂಗ್ ಮೆಷಿನ್‌ಗಳ ಲೋಹದ ಮೈ 50 ವೋಲ್ಟ್‌ಗೆ ಏರುತ್ತದೆ. ಶಾಕ್‌ನಿಂದ ಕಾಪಾಡಬೇಕಾದ ಅರ್ತಿಂಗ್‌ನ ಹಸಿರು ವೈರೇ ಶಾಕ್ ಹಂಚುತ್ತದೆ.

ಫೇಸ್ ವೈರ್ ಮೇಲೆ ಹೊರೆ ಮಿತಿ ಮೀರಿದರೆ ಎಂಸಿಬಿಯಾದರೂ ಎಚ್ಚರಿಸೀತು, ನ್ಯೂಟ್ರಲ್‌ಗೆ ಅಂಥ ಕಾವಲಿಲ್ಲ. ಆದ್ದರಿಂದ ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಗೇ ಕೊಡಿ. ಡಿಬಿಗೆ ಮುಚ್ಚಳ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ: ನ್ಯೂಟ್ರಲ್ ಫೇಸ್‌ನಷ್ಟೇ ದಪ್ಪವಿದೆಯೇ? ಪ್ರತಿ ಸರ್ಕ್ಯೂಟ್‌ಗೂ ಬೇರೆ ನ್ಯೂಟ್ರಲ್ ಇದೆಯೇ? ಎಲ್ಲ ಸ್ಕ್ರೂ ಬಿಗಿಯಾಗಿವೆಯೇ? ಮೂರಕ್ಕೂ ‘ಹೌದು’ ಎಂಬ ಉತ್ತರ ಬರುವವರೆಗೆ ಬಿಲ್ ಚುಕ್ತಾ ಮಾಡಬೇಡಿ.