ಹಳೆ ಅಂಗಿಯ ಹೊಸ ಗತ್ತು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಸಲೀಸಾಗಿ ಹೇಳಿಬಿಟ್ಟರು. ತನ್ನಿಚ್ಛೆಯ ಊಟವೇ ದಕ್ಕದವರಿಗೆ ಪರರು ಮೆಚ್ಚುವ ನೋಟ ಎಲ್ಲಿಂದ ಬರಬೇಕು? ಉಡುವ ಬಟ್ಟೆಯ ವಿಷಯದಲ್ಲಿ ಇಚ್ಛೆ ಎಂಬುದು ಈ ನಾಡಿನ ಬಹುಪಾಲು ಜನರಿಗೆ ತೀರ ಈಚೆಗೆ ಒದಗಿದ ಭಾಗ್ಯ. ವರ್ಷಕ್ಕೊಮ್ಮೆ ಯುಗಾದಿಗೋ ದೀಪಾವಳಿಗೋ ಒಂದೇ ಥಾನಿನಿಂದ ಹರಿಸಿದ ಬಟ್ಟೆಯಲ್ಲಿ ಮನೆಯ ಮಕ್ಕಳಿಗೆಲ್ಲ ಅಂಗಿ ಹೊಲಿಸುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಉಳಿದ ದಿನಗಳಿಗೆ ಅಣ್ಣನದು ತಮ್ಮನಿಗೆ, ಅಕ್ಕನದು ತಂಗಿಗೆ, ಜಮೀನ್ದಾರರ ಮನೆಯದು ಕೂಲಿಯಾಳಿನ ಮಕ್ಕಳಿಗೆ. ಈ ಮೂರನೆಯ ದಾರಿಯಲ್ಲಿ ಬಂದ ಬಟ್ಟೆಯ ಬಗ್ಗೆ ನಾವು ಹೆಚ್ಚು ಮಾತನಾಡಿಲ್ಲ.

ಇಂದು ಬೆಂಗಳೂರು, ಮೈಸೂರುಗಳ ಕಾಲೇಜು ಹುಡುಗ ಹುಡುಗಿಯರ ನಡುವೆ ಬಳಸಿದ ಬಟ್ಟೆ ಕೊಳ್ಳುವುದೇ ಒಂದು ಫ್ಯಾಷನ್. ಅದಕ್ಕೆ ‘ಥ್ರಿಫ್ಟಿಂಗ್’ ಎಂಬ ಹೆಸರು. ಇನ್‌ಸ್ಟಾಗ್ರಾಮಿನಲ್ಲಿ ಅದಕ್ಕೆಂದೇ ಅಂಗಡಿಗಳಿವೆ. ಯಾರೋ ತೊಟ್ಟು ಬಿಟ್ಟ ಡೆನಿಮ್ ಜಾಕೆಟ್ಟು, ಎಪ್ಪತ್ತರ ದಶಕದ ಉದ್ದ ಕಾಲರಿನ ಶರ್ಟು ಸಿಕ್ಕರೆ ಅದನ್ನು ನಾಲ್ಕು ಜನಕ್ಕೆ ತೋರಿಸಿ ಸಂಭ್ರಮಿಸುತ್ತಾರೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಸಂಡೇ ಬಜಾರಿನಲ್ಲಿ ರಾಶಿ ಕೆದಕುವವರ ನಡುವೆ ಕ್ಯಾಮೆರಾ ಹಿಡಿದ ಮಕ್ಕಳೂ ಕಾಣಸಿಗುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ನಗರದ ಒಬ್ಬನ ಮೈಮೇಲೆ ಶೋಕಿಯಾಗಿ ಕಾಣುವ ಹಳೆಯ ಅಂಗಿ, ಹಳ್ಳಿಯ ಇನ್ನೊಬ್ಬನ ಮೈಮೇಲೆ ಬಡತನವಾಗಿ ಕಾಣುವುದೇಕೆ?

ನಾನು ಹುಟ್ಟಿ ಬೆಳೆದದ್ದು ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿ. ಈಗ ಹಾಲಿನ ಡೇರಿಯಿಂದ ನಾಲ್ಕು ಜನಕ್ಕೆ ಗೊತ್ತಿರುವ ಊರು. ನಮ್ಮ ಹೋಬಳಿ ಕೇಂದ್ರ ಸಂತೇಮರಹಳ್ಳಿ. ಹೆಸರಿನಲ್ಲೇ ಸಂತೆ ಉಂಟು. ಈ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿ ಬೆಳೆಯುತ್ತಿತ್ತು. ನೀರಿದ್ದ ಕಡೆ ಹಿಪ್ಪುನೇರಳೆ, ಮನೆಗಳಲ್ಲಿ ರೇಷ್ಮೆಹುಳುವಿನ ತಟ್ಟೆಗಳು, ಅತ್ತ ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗಗಳು. ಹತ್ತಿ ಬಿಡಿಸಿದ ಕೈಗೂ ಗೂಡು ಬಿಡಿಸಿದ ಕೈಗೂ ಅದರ ಬಟ್ಟೆ ಮಾತ್ರ ದೂರವೇ ಉಳಿಯಿತು. ನಮ್ಮ ಕೇರಿಯ ಹೆಂಗಸರು ರೇಷ್ಮೆಯನ್ನು ಹುಳುವಾಗಿ ಬಲ್ಲವರಾಗಿದ್ದರೇ ಹೊರತು ಸೀರೆಯಾಗಿ ಬಲ್ಲವರಾಗಿರಲಿಲ್ಲ.

ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಅವ್ವ ಕೂಲಿಗೆ ಹೋಗುತ್ತಿದ್ದ ಮನೆಯಿಂದ ಒಂದು ಟೆರಿಕಾಟ್ ಶರ್ಟು ಬಂತು. ಆ ಮನೆಯ ಮಗನಿಗೆ ಗಿಡ್ಡವಾಗಿತ್ತಷ್ಟೆ, ಗುಂಡಿಗಳೆಲ್ಲ ಸರಿಯಾಗಿದ್ದವು. ನಾನು ಅದನ್ನು ತೊಟ್ಟು ಬೀದಿಗೆ ಹೊರಟಾಗ ಅವ್ವ ಹೇಳಿದ್ದು ಇಷ್ಟೆ: “ಅವ್ರ ಮನೆ ಮುಂದ ಇದ ಹಾಕಂಡು ಓಡಾಡ್ಬೇಡ ಕನ ಮೊಗ.” ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂಗಿ ನನ್ನ ಮೈಮೇಲಿದ್ದರೂ ಅದರ ಒಡೆತನ ಇನ್ನೂ ಆ ಮನೆಯ ಜಗಲಿಯ ಮೇಲೆಯೇ ಕುಳಿತಿತ್ತು.

ಪಿಯುಸಿ ಸೇರಿದ ವರ್ಷ ಹತ್ತಿ ಬಿಡಿಸಿದ ಕೂಲಿಯ ದುಡ್ಡಿನಲ್ಲಿ ಸಂತೆಯ ಟಾರ್ಪಾಲಿನ ಮೇಲಿದ್ದ ರಾಶಿಯಿಂದ ಒಂದು ಜೀನ್ಸ್ ಪ್ಯಾಂಟು ಕೊಂಡೆ. ಮಂಡಿಯ ಬಳಿ ಬಣ್ಣ ಮಾಸಿತ್ತು, ಸೊಂಟ ಎರಡು ಬೆರಳು ದೊಡ್ಡದಿತ್ತು. ಅದನ್ನು ತೊಟ್ಟವನು ಯಾರೆಂದು ನನಗೆ ತಿಳಿಯದು. ನಾನು ಯಾರೆಂದು ಅವನಿಗೂ ತಿಳಿಯದು. ಚೌಕಾಸಿ ಮಾಡಿ, ದುಡ್ಡು ಎಣಿಸಿಕೊಟ್ಟು, ಟೈಲರನ ಬಳಿ ಸೊಂಟ ಹಿಡಿಸಿ ತೊಟ್ಟ ಆ ಪ್ಯಾಂಟಿನಲ್ಲಿ ಊರಿನ ಎಲ್ಲ ಬೀದಿಗಳಲ್ಲೂ ನಡೆದೆ. ಅವ್ವ ಆ ದಿನ ಏನನ್ನೂ ಹೇಳಲಿಲ್ಲ. ಎರಡೂ ಹಳೆಯ ಬಟ್ಟೆಗಳೇ. ಒಂದನ್ನು ಕೊಟ್ಟರು, ಒಂದನ್ನು ನಾನು ಆರಿಸಿಕೊಂಡೆ. ಈ ಎರಡು ಕ್ರಿಯಾಪದಗಳ ನಡುವಿನ ಅಂತರವೇ ಈ ಲೇಖನದ ವಿಷಯ.

ಆ ಜೀನ್ಸ್ ಮೋಹ ನನಗೆ ಅಂಟಿದ್ದು ಸಿನಿಮಾದಿಂದ. 1987ರಲ್ಲಿ ತೆರೆಕಂಡ ರವಿಚಂದ್ರನ್ ಅವರ ‘ಪ್ರೇಮಲೋಕ’ ನಮ್ಮ ತಲೆಮಾರಿನ ಹುಡುಗರ ಉಡುಪನ್ನೇ ಬದಲಿಸಿತು. ಅದಕ್ಕೂ ಮೊದಲು 1980ರ ‘ಆಟೋ ರಾಜ’ ಬಂದ ಮೇಲೆ ಆಟೋ ಚಾಲಕರ ಖಾಕಿ ಅಂಗಿಗೆ ಒಂದು ಬೇರೆಯೇ ಠೀವಿ ಬಂದಿತ್ತು. ಶಂಕರ್‌ನಾಗ್ ಅವರ ಚಿತ್ರ ಇಂದಿಗೂ ಆಟೋಗಳ ಬೆನ್ನ ಮೇಲಿದೆ. ನಮ್ಮ ಜಿಲ್ಲೆಯ ಗಡಿಗೆ ಅಂಟಿಕೊಂಡಂತಿರುವ ತಾಳವಾಡಿ ಸೀಮೆಯ ಗಾಜನೂರಿನಲ್ಲಿ ಬಾಲ್ಯ ಕಳೆದ ರಾಜ್‌ಕುಮಾರ್ ಅವರು ತೆರೆಯ ಮೇಲೆ ರಾಜನಾಗಿ, ಗೂಢಚಾರನಾಗಿ, 1972ರ ‘ಬಂಗಾರದ ಮನುಷ್ಯ’ದಲ್ಲಿ ರೈತನಾಗಿ ಬಗೆಬಗೆಯ ವೇಷ ತೊಟ್ಟರು. ತೆರೆಯಾಚೆ ಬಿಳಿ ಪಂಚೆ, ಬಿಳಿ ಶರ್ಟನ್ನೇ ತಮ್ಮ ಉಡುಪಾಗಿಸಿಕೊಂಡರು. ನಮ್ಮ ಕಡೆಯ ಅನೇಕ ಹಿರಿಯರು ಹಬ್ಬ ಜಾತ್ರೆಗಳಿಗೆ ಶುಭ್ರ ಬಿಳಿ ಉಡುಪು ತೊಟ್ಟಾಗ ಅದರಲ್ಲಿ ಅಣ್ಣಾವ್ರ ನೆರಳು ಕಾಣುತ್ತಿತ್ತು. ಸಿನಿಮಾ ಫ್ಯಾಷನ್ನನ್ನು ಕೀಳು ಅನುಕರಣೆ ಎಂದು ಜರೆಯುವ ವಿಮರ್ಶಕರು ಒಂದನ್ನು ಮರೆಯುತ್ತಾರೆ. ಊರಿನ ಕಟ್ಟುಪಾಡು ಒಬ್ಬನಿಗೆ ಒಂದೇ ಉಡುಪನ್ನು ಗೊತ್ತುಮಾಡಿರುವಾಗ, ತೆರೆಯ ಮೇಲಿನ ನಾಯಕ ಅವನಿಗೆ ಇನ್ನೊಂದು ರೂಪದ ಸಾಧ್ಯತೆಯನ್ನು ತೋರಿಸುತ್ತಾನೆ. ಆ ರೂಪವನ್ನು ಹೊಸ ಬಟ್ಟೆಯ ಅಂಗಡಿಯಲ್ಲಿ ಕೊಳ್ಳಲು ಶಕ್ತಿಯಿಲ್ಲದವನಿಗೆ ಸಂತೆಯ ರಾಶಿಯೇ ವೇಷದ ಪೆಟ್ಟಿಗೆ.

ಉಡುಪು ಈ ದೇಶದಲ್ಲಿ ಎಂದೂ ಕೇವಲ ಮೈಮುಚ್ಚುವ ಸಾಧನವಾಗಿರಲಿಲ್ಲ. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕೆಂದು ಮನುಸ್ಮೃತಿ ವಿಧಿಸಿತ್ತು. ಬಳಸಿದ ಬಟ್ಟೆಗೆ ನಮ್ಮಲ್ಲಿ ಅಂಟಿರುವ ಮೈಲಿಗೆಯ ಬೇರು ಎಷ್ಟು ಆಳದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನೆರೆಯ ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿದ ಮೇಲೆ 1859ರಲ್ಲಿ ಅದಕ್ಕೆ ಅನುಮತಿಯ ಘೋಷಣೆ ಹೊರಬಿತ್ತು. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಗಾಂಧೀಜಿ ತಮ್ಮ ಉಡುಪನ್ನು ತುಂಡು ಪಂಚೆಗೆ ಇಳಿಸಿಕೊಂಡರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟ ಸಂದರ್ಭದಲ್ಲೇ ಅಂಬೇಡ್ಕರ್ ಅವರು ಅಲ್ಲಿ ನೆರೆದಿದ್ದ ಹೆಂಗಸರಿಗೆ, ಜಾತಿಯನ್ನು ಸಾರುವ ಉಡುಗೆ ಒಡವೆಗಳನ್ನು ಬಿಟ್ಟು ಮೇಲ್ಜಾತಿಯ ಹೆಂಗಸರಂತೆಯೇ ಸೀರೆಯುಡಿ ಎಂದು ಕರೆಕೊಟ್ಟರು. ಬಟ್ಟೆಯಿದ್ದವನು ಅದನ್ನು ತ್ಯಜಿಸುವುದು ತ್ಯಾಗ. ಬಟ್ಟೆ ನಿರಾಕರಿಸಲ್ಪಟ್ಟವನು ಅದನ್ನು ತೊಡುವುದು ಹಕ್ಕು. ನಮ್ಮ ಊರುಗಳ ಬೀದಿಗಳಲ್ಲಿ ಅಂಬೇಡ್ಕರ್ ಅವರ ಪ್ರತಿಮೆ ನೀಲಿ ಸೂಟಿನಲ್ಲಿ, ಟೈ ಕಟ್ಟಿ ನಿಂತಿರುವುದರ ಅರ್ಥವನ್ನು ಇಲ್ಲಿನ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಈ ಬಟ್ಟೆಗಳು ಬರುವ ದಾರಿ. ಹಳೆ ಸೀರೆ, ಪ್ಯಾಂಟುಗಳಿಗೆ ಸ್ಟೀಲ್ ಪಾತ್ರೆ ಕೊಟ್ಟು ಹೋಗುವ ಹೆಂಗಸರ ಕೂಗನ್ನು ಕೇಳದ ಬೀದಿ ಇಲ್ಲ. ಉತ್ತರ ಭಾರತದಲ್ಲಿ ಈ ವಿನಿಮಯವನ್ನು ಬಹುವಾಗಿ ನಡೆಸುವವರು ಗುಜರಾತ್ ಮೂಲದ ವಾಘ್ರಿ ಸಮುದಾಯದವರು. ದೆಹಲಿಯ ರಘುಬೀರ್ ನಗರದ ಅವರ ಮಾರುಕಟ್ಟೆ ನಸುಕಿನಲ್ಲೇ ತೆರೆಯುತ್ತದೆ. ಮಾನವಶಾಸ್ತ್ರಜ್ಞೆ ಲೂಸಿ ನಾರಿಸ್ ಈ ಲೋಕವನ್ನು ಕುರಿತು 2010ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ. ಜರಿ ಸೀರೆಗೆ ಬೇರೆಯೇ ಗಿರಾಕಿಗಳು. ಜರಿಯಲ್ಲಿರುವ ಬೆಳ್ಳಿಗಾಗಿ ಅವರು ಹಳೆಯ ರೇಷ್ಮೆ ಸೀರೆಯನ್ನು ಕೊಳ್ಳುತ್ತಾರೆ. ಹೊರದೇಶದವರು ಬಳಸಿದ ಬಟ್ಟೆಯನ್ನು ಮುಕ್ತವಾಗಿ ಆಮದು ಮಾಡಿಕೊಳ್ಳಲು ನಮ್ಮಲ್ಲಿ ಅವಕಾಶವಿಲ್ಲ, ಪರವಾನಗಿ ಬೇಕು. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದಲ್ಲಿ ಅದನ್ನು ವಿಂಗಡಿಸಿ ಬಹುಪಾಲನ್ನು ಮತ್ತೆ ರಫ್ತು ಮಾಡುತ್ತಾರೆ. ಕತ್ತರಿಸಿದ ಉಣ್ಣೆಬಟ್ಟೆ ಪಾಣಿಪತ್‌ಗೆ ಹೋಗಿ ಮತ್ತೆ ನೂಲಾಗಿ, ಅಗ್ಗದ ಕಂಬಳಿಯಾಗುತ್ತದೆ. ಘಾನಾ ದೇಶದ ಅಕ್ರಾ ನಗರದ ಕಾಂಟಮಾಂಟೋ ಮಾರುಕಟ್ಟೆಯಲ್ಲಿ ಇಂಥ ಬಟ್ಟೆಗೆ ‘ಸತ್ತ ಬಿಳಿಯರ ಬಟ್ಟೆ’ ಎಂಬ ಅರ್ಥದ ಹೆಸರಿದೆ. ಬದುಕಿರುವವರು ಇಷ್ಟು ಚೆನ್ನಾಗಿರುವ ಬಟ್ಟೆಯನ್ನು ಬಿಸಾಡಲಾರರೆಂಬ ನಂಬಿಕೆ ಆ ಹೆಸರಿನೊಳಗಿದೆ. 2025ರ ಜನವರಿಯಲ್ಲಿ ಆ ಮಾರುಕಟ್ಟೆ ಬೆಂಕಿಗೆ ಸಿಕ್ಕಾಗ ಸಾವಿರಾರು ಜನರ ಬದುಕಿಗೇ ಪೆಟ್ಟು ಬಿತ್ತು.

ಪರಿಸರದ ಲೆಕ್ಕವೂ ಇದೆ. ಒಂದು ಹತ್ತಿಯ ಟೀ ಶರ್ಟು ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕೆಂಬುದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಂದಾಜು. ಮಳೆಗಾಗಿ ಮುಗಿಲು ನೋಡುವ ನಮ್ಮ ಸೀಮೆಯವರಿಗೆ ಆ ಸಂಖ್ಯೆಯ ಭಾರ ಬೇಗ ತಿಳಿಯುತ್ತದೆ. ಆದರೆ ಪರಿಸರದ ಹೆಸರಿನಲ್ಲಿ ಬಡವನಿಗೆ ‘ನೀನು ಹಳೆಯದನ್ನೇ ತೊಡು’ ಎಂದು ಉಪದೇಶಿಸುವುದು ಅನ್ಯಾಯ. ಅವನು ಹರಿದದ್ದಕ್ಕೆ ತೇಪೆ ಹಾಕಿ, ತೇಪೆಯೂ ಹರಿದಾಗ ಕೌದಿ ಹೊಲಿದು, ಕೌದಿಯೂ ಸವೆದಾಗ ಒರೆಸುವ ಬಟ್ಟೆ ಮಾಡಿಕೊಂಡು ಬಂದವನೇ. ಉಪದೇಶ ಸಲ್ಲಬೇಕಾದದ್ದು ಒಮ್ಮೆ ತೊಟ್ಟದ್ದನ್ನು ಎರಡನೆಯ ಮದುವೆಮನೆಗೆ ತೊಡದವರಿಗೆ.

ರಾಶಿಯಿಂದ ಬಟ್ಟೆ ಆರಿಸುವುದು ಒಂದು ವಿದ್ಯೆ ಎಂಬುದನ್ನು ಆ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತವರಷ್ಟೇ ಬಲ್ಲರು. ಮೊದಲು ಕಾಲರಿನ ಒಳಮಗ್ಗುಲು, ಆಮೇಲೆ ಬಗಲಿನ ಹೊಲಿಗೆ, ಪ್ಯಾಂಟಾದರೆ ಜಿಪ್ಪು ಮತ್ತು ತೊಡೆಸಂದಿ. ಬಿಸಿಲಿಗೆ ಹಿಡಿದರೆ ಸವೆದ ಭಾಗ ತಾನಾಗಿಯೇ ಬೆಳಕು ಬಿಡುತ್ತದೆ. ಹೊಲಿಗೆಯ ಒಳಗೆ ಬಟ್ಟೆ ಮಿಕ್ಕಿದ್ದರೆ ಬಿಚ್ಚಿ ಅಗಲ ಮಾಡಿಸಬಹುದು. ದೊಡ್ಡದನ್ನು ಹಿಡಿಸುವುದು ಸುಲಭ, ಚಿಕ್ಕದನ್ನು ಬಿಡಿಸುವುದು ಕಷ್ಟ. ಮನೆಗೆ ತಂದ ಮೇಲೆ ಬಿಸಿನೀರಿನಲ್ಲಿ ನೆನೆಹಾಕಿ, ಒಗೆದು, ಒಳಮಗ್ಗುಲನ್ನು ಮೇಲೆ ಮಾಡಿ ಖಾರ ಬಿಸಿಲಿನಲ್ಲಿ ಒಣಗಿಸಬೇಕು. ಹೊಸ ಅಂಗಡಿಯಲ್ಲಿ ಒಂದೇ ಬಗೆಯ ನೂರು ಅಂಗಿಗಳಿರುತ್ತವೆ. ರಾಶಿಯಲ್ಲಿ ಪ್ರತಿಯೊಂದೂ ಒಂಟಿ. ಆ ವಾರ ಸಿಕ್ಕಿದ್ದು ಮುಂದಿನ ವಾರ ಇರುವುದಿಲ್ಲ. ಹುಡುಕಾಟದ ಈ ಸುಖ ಶ್ರೀಮಂತರ ಮಕ್ಕಳಿಗೆ ಈಗ ಗೊತ್ತಾಗಿದೆ. ನಮಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಅದನ್ನು ಸುಖವೆಂದು ಹೇಳಿಕೊಳ್ಳುವ ಧೈರ್ಯವಿರಲಿಲ್ಲ, ಅಷ್ಟೆ. 2019ರಲ್ಲಿ ‘ಬೆಲ್ ಬಾಟಂ’ ಚಿತ್ರ ಹಳೆಯ ಕಾಲದ ಅಗಲ ಪ್ಯಾಂಟು, ದೊಡ್ಡ ಕಾಲರುಗಳನ್ನು ಮತ್ತೆ ತೆರೆಗೆ ತಂದಾಗ, ಅಂಥವನ್ನು ಟ್ರಂಕಿನಲ್ಲಿ ಉಳಿಸಿಕೊಂಡಿದ್ದವರು ದಿಢೀರನೆ ಫ್ಯಾಷನ್ನಿನ ಮುಂದಾಳುಗಳಾದರು.

ಹಾಗಾದರೆ ಮನೆಯಲ್ಲಿ ಉಳಿದ ಬಟ್ಟೆಯನ್ನು ದಾನ ಮಾಡಬಾರದೆ? ಮಾಡಬೇಕು. ಆದರೆ ದಾನದ ಹೆಸರಿನಲ್ಲಿ ನಾವು ಮಾಡುತ್ತಿರುವುದು ಹಲವು ವೇಳೆ ಕಸದ ವಿಲೇವಾರಿ. 2004ರ ಸುನಾಮಿಯ ತರುವಾಯ ತಮಿಳುನಾಡಿನ ಕರಾವಳಿಗೆ ಹರಿದುಬಂದ ಹಳೆ ಬಟ್ಟೆಗಳ ರಾಶಿ ರಸ್ತೆಬದಿಯಲ್ಲೇ ಬಿದ್ದಿತ್ತು. ಮನೆ ಕಳೆದುಕೊಂಡ ಮೀನುಗಾರರು ಅವನ್ನು ಮುಟ್ಟಲಿಲ್ಲ. ಅದು ಅವರ ಸೊಕ್ಕಲ್ಲ, ಸ್ವಾಭಿಮಾನ. 1999ರಲ್ಲಿ ಅಂಶು ಗುಪ್ತಾ ಸ್ಥಾಪಿಸಿದ ‘ಗೂಂಜ್’ ಸಂಸ್ಥೆ ಈ ಸೂಕ್ಷ್ಮವನ್ನು ಅರಿತು ಬೇರೊಂದು ದಾರಿ ಹಿಡಿಯಿತು. ಊರಿನ ಜನ ಕೂಡಿ ಬಾವಿ ತೋಡಿದರೆ, ಸೇತುವೆ ಕಟ್ಟಿದರೆ, ರಸ್ತೆ ಸರಿಪಡಿಸಿದರೆ ಅದರ ಪ್ರತಿಫಲವಾಗಿ ವಿಂಗಡಿಸಿ, ಸರಿಮಾಡಿದ ಬಟ್ಟೆ ಅವರ ಕೈಸೇರುತ್ತದೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಬಟ್ಟೆಯ ಜತೆ ಘನತೆಯೂ ಹೋಗಬೇಕೆಂಬ ಸರಳ ಸತ್ಯ ಅವರ ಕೆಲಸದ ತಿರುಳು.

2023ರಲ್ಲಿ ಕೇಂದ್ರ ಸರ್ಕಾರದ ಅಭಿಯಾನವೊಂದರ ಅಂಗವಾಗಿ ದೇಶದ ನಗರ ಪಟ್ಟಣಗಳಲ್ಲಿ ಹಳೆಯ ಬಟ್ಟೆ, ಪುಸ್ತಕ, ಆಟಿಕೆಗಳ ಸಂಗ್ರಹ ಕೇಂದ್ರಗಳನ್ನು ತೆರೆದರು. ಉದ್ದೇಶ ಒಳ್ಳೆಯದೇ. ಆದರೆ ಸಂಗ್ರಹಿಸಿದ್ದನ್ನು ಮೂಟೆ ಕಟ್ಟಿ ಹಂಚಿದರೆ ನಮ್ಮ ಅವ್ವಂದಿರ ಎಚ್ಚರಿಕೆಯ ಮಾತು ಮತ್ತೆ ಮತ್ತೆ ಹುಟ್ಟುತ್ತಲೇ ಇರುತ್ತದೆ. ಅದರ ಬದಲು ಹೋಬಳಿಗೊಂದರಂತೆ ಸ್ತ್ರೀಶಕ್ತಿ ಸಂಘಗಳಿಗೆ ಒಂದು ಪುಟ್ಟ ಮಳಿಗೆ ಕೊಡಲಿ. ಬಂದ ಬಟ್ಟೆಯನ್ನು ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ತೂಗುಹಾಕಲಿ. ಹತ್ತೋ ಇಪ್ಪತ್ತೋ ರೂಪಾಯಿ ಬೆಲೆಯ ಚೀಟಿ ಇರಲಿ. ಒಗೆಯುವವರಿಗೂ ಹೊಲಿಯುವವರಿಗೂ ಅದರಿಂದ ಕೂಲಿ ಸಿಗಲಿ. ಹಾಸ್ಟೆಲಿನ ಹುಡುಗನೊಬ್ಬ, ಇಂಟರ್‌ವ್ಯೂಗೆ ಹೊರಟ ಹುಡುಗಿಯೊಬ್ಬಳು ಅಲ್ಲಿಗೆ ಬಂದು, ಇದು ಬೇಡ, ಅದು ತೆಗೀರಿ ಎಂದು ಹೇಳುವಂತಾಗಲಿ. ಬೇಡ ಎನ್ನುವ ಅಧಿಕಾರವಿಲ್ಲದ ಕಡೆ ಬೇಕು ಎಂಬ ಮಾತಿಗೆ ಅರ್ಥವಿಲ್ಲ.

ಮತ್ತೂ ಒಂದು ಕೋರಿಕೆ. ಅಂಥ ಮಳಿಗೆಯಲ್ಲಿ ಗೋಡೆಗೆ ಒಂದು ಆಳೆತ್ತರದ ಕನ್ನಡಿ ಇರಲಿ. ದಾನದ ಶಿಬಿರಗಳಲ್ಲಿ ಫೋಟೊ ತೆಗೆಯುವವರು ಇರುತ್ತಾರೆ, ಕನ್ನಡಿ ಇರುವುದಿಲ್ಲ. ಪಡೆದುಕೊಂಡವನು ಹೇಗೆ ಕಾಣುತ್ತಾನೆಂಬುದನ್ನು ಊರೆಲ್ಲ ನೋಡುತ್ತದೆ, ಅವನೊಬ್ಬನನ್ನು ಬಿಟ್ಟು.