ಹಡಗಿಗೆ ಬೆನ್ನು ಮಾಡಿ ನಿಂತರೆ

ಉಜ್ಬೇಕಿಸ್ತಾನವೆಂದರೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ತಾಷ್ಕೆಂಟ್, 1966ರ ಜನವರಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ತೀರಿಕೊಂಡ ಊರು. ಅದೇ ದೇಶದ ವಾಯವ್ಯ ಮೂಲೆಯಲ್ಲಿ, ಕರಕಲ್‌ಪಾಕ್‌ಸ್ತಾನವೆಂಬ ಸ್ವಾಯತ್ತ ಪ್ರಾಂತ್ಯದಲ್ಲಿರುವ, ಒಂದು ಕಾಲಕ್ಕೆ ಅರಲ್ ಸಮುದ್ರದ ಬಂದರಾಗಿದ್ದ ಮೊಯ್ನಾಕ್‌ನ ಹೆಸರು ಕೇಳಿದವರು ಕಡಿಮೆ. ಆದರೆ ಅದರ ಫೋಟೊ ಒಂದಲ್ಲ ಒಂದು ಕಡೆ ಬಹಳ ಜನರ ಕಣ್ಣಿಗೆ ಬಿದ್ದಿರುತ್ತದೆ: ಮರಳಿನಲ್ಲಿ ವಾಲಿ ನಿಂತ ತುಕ್ಕು ಹಿಡಿದ ಮೀನುಗಾರಿಕೆ ಹಡಗು, ಹಿಂದೆ ಮೋಡವಿಲ್ಲದ ಆಕಾಶ, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಪ್ರವಾಸಿ ಛಾಯಾಗ್ರಹಣಕ್ಕೆ ಇಷ್ಟು ಸಲೀಸಾಗಿ ಒದಗುವ ದೃಶ್ಯ ಸಿಗುವುದು ಅಪರೂಪ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲವೂ ಸಪ್ಪೆಯಾಗಿ ಬಿಳಿಚಿಕೊಂಡಿರುತ್ತದೆ. ಬೆಳಗಿನ ಇಲ್ಲವೇ ಸಂಜೆಯ ಓರೆ ಬೆಳಕು ಬಿದ್ದಾಗ ಮಾತ್ರ ಕಬ್ಬಿಣದ ಮೈ ಮಾತಾಡುತ್ತದೆ. ಬಣ್ಣ ಚಕ್ಕೆಚಕ್ಕೆಯಾಗಿ ಎದ್ದ ಜಾಗ, ಅದರಡಿಯ ಕಂದು, ಅದರಡಿಯ ಕೇಸರಿ, ಬಂದುಹೋದವರು ಗೀಚಿದ ಹೆಸರುಗಳು. ಕ್ಯಾಮೆರಾವನ್ನು ನೆಲಮಟ್ಟಕ್ಕೆ ಇಳಿಸಿದರೆ ಮರಳಿನಲ್ಲಿ ಬಿಳಿ ಚಿಪ್ಪುಗಳೂ ಕಾಣುತ್ತವೆ. ಈ ಫೋಟೊ ಸುಳ್ಳಲ್ಲ. ಆದರೆ ಅದೊಂದನ್ನೇ ತೆಗೆದು ಹಿಂದಿರುಗುವವರು ಮೊಯ್ನಾಕ್ ಅನ್ನು ನೋಡಿಯೇ ಇಲ್ಲ ಎಂಬುದು ನನ್ನ ವಾದ.

ಮೊದಲನೆಯದಾಗಿ, ಹಡಗುಗಳು ಈಗಿರುವುದು ಕಡಲು ಅವನ್ನು ಬಿಟ್ಟುಹೋದ ಜಾಗದಲ್ಲಲ್ಲ. ಹಿಂದೆ ಅವು ಒಣಗಿದ ತಳದಲ್ಲಿ ಅಲ್ಲಲ್ಲಿ ಬಿದ್ದಿದ್ದವು. ಎಷ್ಟೋ ಹಡಗುಗಳನ್ನು ಕತ್ತರಿಸಿ ಗುಜರಿಗೆ ಹಾಕಲಾಯಿತು. ಉಳಿದ ಹತ್ತಾರನ್ನು ಎಳೆತಂದು ಸ್ಮಾರಕವೊಂದಿರುವ ದಿಬ್ಬದ ಕೆಳಗೆ ಒಟ್ಟಾಗಿ ನಿಲ್ಲಿಸಲಾಯಿತು. ಎಂದರೆ, ನೋಡುವವರಿಗಾಗಿ ಜೋಡಿಸಿಟ್ಟ ದೃಶ್ಯವಿದು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹಡಗು ಮತ್ತು ಮರಳು ಇಷ್ಟನ್ನೇ ತೋರಿಸಿದಾಗ ಕಡಲು ತಾನಾಗಿ ಬತ್ತಿಹೋಯಿತು, ಬರ ಬಂದಂತೆ ಇದೂ ಬಂತು ಎನ್ನಿಸುತ್ತದೆ. ನಡೆದದ್ದು ಬೇರೆ. 1960ರಲ್ಲಿ ಅರಲ್ ಸಮುದ್ರ ಸುಮಾರು 68,000 ಚದರ ಕಿಲೋಮೀಟರ್ ಹರಡಿದ್ದ, ಜಗತ್ತಿನ ನಾಲ್ಕನೇ ಅತಿ ದೊಡ್ಡ ಸರೋವರ. ಅದಕ್ಕೆ ನೀರುಣಿಸುತ್ತಿದ್ದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಸೋವಿಯತ್ ಸರ್ಕಾರ ಕಾಲುವೆ ಕಾಲುವೆಯಾಗಿ ಸೀಳಿ ಹತ್ತಿಯ ಹೊಲಗಳಿಗೆ ತಿರುಗಿಸಿತು. 1980ರ ದಶಕದ ಆರಂಭಕ್ಕೆ ಮೀನುಗಾರಿಕೆ ನಿಂತೇಹೋಯಿತು. ಇಂದು ನೀರು ಊರಿನಿಂದ ನೂರು ಕಿಲೋಮೀಟರಿಗೂ ಆಚೆ ಇದೆ. ಉತ್ತರದ ಕಜಾಕಿಸ್ತಾನದಲ್ಲಿ 2005ರಲ್ಲಿ ಕೊಕ್-ಅರಲ್ ಅಣೆಕಟ್ಟು ಮುಗಿದ ಮೇಲೆ ಅಲ್ಲಿನ ಸಣ್ಣ ಭಾಗದಲ್ಲಿ ನೀರು ಏರಿತು, ಉಪ್ಪಿನಂಶ ಇಳಿಯಿತು, ಮೀನು ಮರಳಿತು. ಮನುಷ್ಯರ ತೀರ್ಮಾನದಿಂದ ಹೋದದ್ದು, ಒಂದಿಷ್ಟಾದರೂ, ಮನುಷ್ಯರ ತೀರ್ಮಾನದಿಂದಲೇ ಮರಳಿದೆ. ಆದ್ದರಿಂದ ಮೊಯ್ನಾಕ್‌ನ ಚಿತ್ರ ಶುರುವಾಗಬೇಕಾದದ್ದು ದಿಬ್ಬದ ಮೇಲಲ್ಲ, ಪ್ರಾಂತ್ಯದ ರಾಜಧಾನಿ ನುಕುಸ್‌ನಿಂದ ಉತ್ತರಕ್ಕೆ ಹೊರಡುವ ಸುಮಾರು ಇನ್ನೂರು ಕಿಲೋಮೀಟರ್ ದಾರಿಯಲ್ಲಿ, ಕಾಲುವೆ ಮತ್ತು ಹತ್ತಿಯ ಹೊಲ ಕಿಟಕಿಯಲ್ಲಿ ಕಾಣುವಾಗಲೇ.

ಪ್ರವಾಸಿ ವರದಿಗಾರನಲ್ಲ, ಒಂದು ಫೋಟೊ ಎಲ್ಲವನ್ನೂ ಹೇಳಬೇಕೆಂದು ಕೇಳುವುದು ಅನ್ಯಾಯ ಎನ್ನುವವರಿದ್ದಾರೆ. ತುಕ್ಕು ಹಿಡಿದ ಹಡಗಿನ ಚಿತ್ರವೇ ಅಲ್ಲವೇ ಅರಲ್‌ನ ದುರಂತವನ್ನು ಲೋಕಕ್ಕೆ ಮುಟ್ಟಿಸಿದ್ದು ಎಂದೂ ಕೇಳುತ್ತಾರೆ. ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅಂಕಿಅಂಶಗಳು ಮಾಡಲಾಗದ ಕೆಲಸವನ್ನು ಆ ಚಿತ್ರ ಮಾಡಿದೆ. ಆದರೆ ಮುಟ್ಟಿದ ಸುದ್ದಿಯನ್ನೇ ಸಾವಿರದ ಒಂದನೇ ಸಲ ಮುಟ್ಟಿಸುವಾಗ, ಅದು ಊರನ್ನು ಸ್ಮಶಾನವೆಂದು ಸಾರುವುದಷ್ಟೇ ಆಗುತ್ತದೆ. ಮೊಯ್ನಾಕ್‌ನಲ್ಲಿ ಇಂದಿಗೂ ಸಾವಿರಾರು ಜನ ಬದುಕುತ್ತಿದ್ದಾರೆ. ಇನ್ನು ಮೊದಲ ಮಾತು: ಒಂದು ಫೋಟೊ ಎಲ್ಲವನ್ನೂ ಹೇಳಲಾರದು, ನಿಜ. ಎಲ್ಲಿ ನಿಲ್ಲಬೇಕು ಎಂಬ ಆಯ್ಕೆಯಂತೂ ತೆಗೆಯುವವರ ಕೈಯಲ್ಲೇ ಇದೆ. ಆ ದಿಬ್ಬವೇ ಹಿಂದಿನ ದಡ. ಅಲ್ಲಿ ಹಡಗುಗಳಿಗೆ ಬೆನ್ನು ಮಾಡಿ ನಿಂತರೆ ಎದುರಿಗೆ ಊರು.

ಕಷ್ಟದಲ್ಲಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಸರಿಯೇ ಎಂಬ ಅಳುಕು ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಕೇಳದೆ ಹಿಡಿಯಬಾರದು. ಆದರೆ ಊರನ್ನು ತೋರಿಸಲು ಮುಖವೇ ಬೇಕೆಂದಿಲ್ಲ, ದುಡಿಮೆಯ ಗುರುತುಗಳೂ ಸಾಕು. ಊರಿನ ಪುಟ್ಟ ಮ್ಯೂಸಿಯಂನಲ್ಲಿ ಬಂದರು ಜೀವಂತವಾಗಿದ್ದ ಕಾಲದ ಫೋಟೊಗಳಿವೆ, ವರ್ಣಚಿತ್ರಗಳಿವೆ, ಇಲ್ಲಿನ ಕಾರ್ಖಾನೆಯಲ್ಲಿ ತುಂಬಿದ ಮೀನಿನ ಡಬ್ಬಿಗಳಿವೆ. ಅಂಗೈಯಲ್ಲಿ ಹಿಡಿಸುವಷ್ಟು ತಗಡಿನ ಡಬ್ಬಿ. ಹಡಗಿನಷ್ಟು ಭವ್ಯವಲ್ಲ, ಆದರೆ ಹಡಗು ಹೇಳದ್ದನ್ನು ಅದು ಹೇಳುತ್ತದೆ. ಕಡಲು ಹಿಂದೆ ಸರಿದ ಮೇಲೂ ಜನ ಕೆಲಸ ಕಳೆದುಕೊಳ್ಳಬಾರದೆಂದು ಬಾಲ್ಟಿಕ್‌ನಂಥ ಸಾವಿರಾರು ಕಿಲೋಮೀಟರ್ ದೂರದ ಕಡಲುಗಳಿಂದ ಹೆಪ್ಪುಗಟ್ಟಿಸಿದ ಮೀನನ್ನು ರೈಲಿನಲ್ಲಿ ತರಿಸಿ, ಕೆಲವು ಕಾಲ ಆ ಕಾರ್ಖಾನೆಯನ್ನು ನಡೆಸಿದರು. ದಿಬ್ಬದ ಆಚೆ, ಒಣಗಿದ ತಳದಲ್ಲಿ, ಉಪ್ಪಿನ ಧೂಳು ಏಳದಿರಲೆಂದು ಸಕ್ಸೌಲ್ ಗಿಡ ನೆಡುತ್ತಾ ಬಂದಿದ್ದಾರೆ. ಎಲೆ ಎನ್ನುವಂಥದ್ದು ಕಾಣದ, ಕಡ್ಡಿಕಡ್ಡಿಯಾದ ಗಿಡ. ಬೇರು ಮಾತ್ರ ಆಳಕ್ಕಿಳಿದು ಮರಳನ್ನು ಹಿಡಿಯುತ್ತದೆ. ಅದರ ಪಕ್ಕ ಮಂಡಿಯೂರಿ ಕುಳಿತು ಅದನ್ನು ಚೌಕಟ್ಟಿನ ಮುಂದೆ ತಂದರೆ, ಹಿಂದಿನ ಹಡಗು ತಾನಾಗಿ ಚಿಕ್ಕದಾಗುತ್ತದೆ.