ಕರಗಿದ ಹಿಮನದಿ, ಕಮರಿಯ ಮೇಲೆ ತೂಗುಸೇತುವೆ

ದಾರಿಗೆ ಹೊಳೆಯೊಂದು ಅಡ್ಡ ಬಂದರೆ ಮನುಷ್ಯನು ಸೇತುವೆಯನ್ನು ಕಟ್ಟುತ್ತಾನೆ. ಎಲ್ಲ ದೇಶಗಳಲ್ಲಿಯೂ ಹಿಂದಿನಿಂದ ನಡೆದು ಬಂದಿರುವ ಸಂಗತಿಯಿದು. ಆದರೆ ಸ್ವಿಟ್ಸರ್ಲೆಂಡಿನ ಆಲ್ಪ್ಸ್ ಪರ್ವತಗಳ ನಡುವೆ ಇರುವ ಒಂದು ಕಾಲುಸೇತುವೆಯ ಕಥೆ ಇದಕ್ಕೆ ತೀರ ವಿಪರೀತವಾದುದು. ಅಲ್ಲಿ ಸೇತುವೆ ಬೇಕಾದುದು ನದಿ ಅಡ್ಡ ಬಂದುದರಿಂದಲ್ಲ. ಜನರು ಕಾಲಿಟ್ಟು ದಾಟುತ್ತಿದ್ದ ನದಿಯೇ ಮಾಯವಾದುದರಿಂದ! ಆ ನದಿಯ ಹೆಸರು ಟ್ರಿಫ್ಟ್. ಅದು ನೀರಿನ ನದಿಯಲ್ಲ, ಹಿಮದ ನದಿ.

ಬರ್ನ್ ಪ್ರಾಂತದ ಪೂರ್ವಭಾಗದಲ್ಲಿ ಮೈರಿಂಗನ್ ಎಂಬ ಚಿಕ್ಕ ಊರಿದೆ. ಪತ್ತೇದಾರಿ ಕಥೆಗಳನ್ನು ಓದುವವರಿಗೆ ಇದು ಅಪರಿಚಿತವಲ್ಲ. ಷರ್ಲಾಕ್ ಹೋಮ್ಸನು ತನ್ನ ವೈರಿಯೊಡನೆ ಹೋರಾಡಿದನೆಂದು ಕಾನನ್ ಡಾಯ್ಲ್ ಬರೆದ ರೈಖೆನ್‌ಬಾಖ್ ಜಲಪಾತವು ಈ ಊರಿನ ಬಳಿಯಲ್ಲಿಯೇ ಇದೆ. ಇಲ್ಲಿಂದ ಹೊರಟವರು ಟ್ರಿಫ್ಟ್ ಸೇತುವೆಯನ್ನು ನೋಡಿಕೊಂಡು ಒಂದೇ ದಿನದಲ್ಲಿ ಹಿಂದಿರುಗಬಹುದು. ಗಾಡ್ಮೆನ್ ಕಣಿವೆಯ ರಸ್ತೆಯಲ್ಲಿ ಸ್ವಲ್ಪ ದೂರ ಸಾಗಿದರೆ, ಉಕ್ಕಿನ ಹಗ್ಗದ ಮೇಲೆ ತೂಗುತ್ತ ಸಾಗುವ ಪುಟ್ಟ ಡಬ್ಬಿಯೊಂದು ನಮ್ಮನ್ನು ಮೇಲಿನ ಕಣಿವೆಗೆ ಒಯ್ಯುತ್ತದೆ. ಒಮ್ಮೆಗೆ ಎಂಟು ಜನರಿಗೆ ಮಾತ್ರ ಅದರಲ್ಲಿ ಸ್ಥಳ. ಜಲವಿದ್ಯುತ್ ಕಾಮಗಾರಿಗಾಗಿ ಹಾಕಿದ ಈ ಹಗ್ಗದ ದಾರಿಯು ಈಗ ಬೇಸಗೆಯ ತಿಂಗಳುಗಳಲ್ಲಿ ಪ್ರವಾಸಿಗರನ್ನು ಹೊರುತ್ತದೆ. ಅಲ್ಲಿಂದ ಮುಂದಕ್ಕೆ ಸುಮಾರು ಒಂದೂವರೆ ಗಂಟೆಯ ಏರುದಾರಿ. ಮರಗಳು ಕ್ರಮೇಣ ವಿರಳವಾಗಿ, ಹುಲ್ಲು ಮತ್ತು ಬಂಡೆಗಳು ಮಾತ್ರ ಉಳಿಯುತ್ತವೆ. ಸಮುದ್ರಮಟ್ಟದಿಂದ ಸುಮಾರು 1,700 ಮೀಟರು ಎತ್ತರವನ್ನು ಮುಟ್ಟಿದಾಗ ಎದುರಿಗೆ ಕಮರಿಯು ಬಾಯ್ದೆರೆದು ನಿಂತಿರುತ್ತದೆ. ಅದರ ಮೇಲೆ, ಒಂದು ದಡದಿಂದ ಇನ್ನೊಂದು ದಡಕ್ಕೆ ಎಳೆದ ಗೆರೆಯಂತೆ, 170 ಮೀಟರು ಉದ್ದದ ಸೇತುವೆ. ನಡುವಿನಲ್ಲಿ ನಿಂತವನ ಪಾದಕ್ಕೂ ಕೆಳಗಿನ ತಳಕ್ಕೂ ಇರುವ ಅಂತರ ಸುಮಾರು 100 ಮೀಟರು.

ನೂರು ಮೀಟರೆಂದರೆ ಎಷ್ಟು? ಅಷ್ಟು ಎತ್ತರದಿಂದ ಬೀಳುವ ಕಲ್ಲು ತಳವನ್ನು ಮುಟ್ಟಲು ಸುಮಾರು ನಾಲ್ಕೂವರೆ ಸೆಕೆಂಡು ಬೇಕೆಂದು, ಬೀಳುವ ವಸ್ತುಗಳ ನಿಯಮವನ್ನು ಓದಿದ ವಿದ್ಯಾರ್ಥಿಗಳು ಲೆಕ್ಕ ಹಾಕಿ ಹೇಳಬಲ್ಲರು. ಲೆಕ್ಕವನ್ನು ಕಾಗದದ ಮೇಲೆ ಮಾಡಿದರೆ ಸಾಕು. ಕಮರಿಯಲ್ಲಿ ಕಲ್ಲೆಸೆಯುವುದು ಕೆಳಗಿರುವವರ ಪ್ರಾಣಕ್ಕೆ ಅಪಾಯ.

ಕಮರಿಯು ಹುಟ್ಟಿದ ಬಗೆ

ಇಲ್ಲಿಯ ಬಂಡೆ ನೈಸ್ ಜಾತಿಯ ಗಡುಸಾದ ಶಿಲೆ. ವಯಸ್ಸಿನಲ್ಲಿ ಬಹಳ ಅಂತರವಿದ್ದರೂ ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ವರ್ಗಕ್ಕೆ ಸೇರಿದುದು. ಇಷ್ಟು ಗಟ್ಟಿಯಾದ ಕಲ್ಲನ್ನು ಕೊರೆದವರು ಯಾರು? ಹಿಮ ಮತ್ತು ನೀರು, ಇಬ್ಬರೂ ಕೂಡಿ.

ವರ್ಷ ವರ್ಷವೂ ಬಿದ್ದ ಹಿಮವು ಕರಗಿ ಮುಗಿಯದೆ ಪದರಪದರವಾಗಿ ಕೂಡಿಕೊಂಡರೆ, ಮೇಲಿನ ಭಾರಕ್ಕೆ ಕೆಳಗಿನ ಪದರಗಳು ಒತ್ತಿ ಗಟ್ಟಿ ಮಂಜುಗಡ್ಡೆಯಾಗುತ್ತವೆ. ಈ ಗಡ್ಡೆಯು ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಬಹು ಮೆಲ್ಲನೆ ಹರಿಯತೊಡಗುತ್ತದೆ. ಇದೇ ಹಿಮನದಿ. ಇದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಬಡಗಿಯ ಉಜ್ಜುಗೊರಡಿನ ಹಲ್ಲುಗಳಂತೆ ನೆಲವನ್ನು ತೇಯುತ್ತವೆ. ನೀರಿನ ಹೊಳೆಯು ಕಣಿವೆಯನ್ನು ಕಿರಿದಾಗಿ ಆಳಕ್ಕೆ ಕೊರೆದರೆ, ಹಿಮನದಿಯು ಅಗಲವಾದ ತೊಟ್ಟಿಯ ಆಕಾರಕ್ಕೆ ಕೆತ್ತುತ್ತದೆ. ಬಂಡೆ ಮೆದುವಾಗಿರುವ ಕಡೆ ತಳವು ಬೋಗುಣಿಯಂತೆ ಹಳ್ಳವಾಗುತ್ತದೆ. ಗಡುಸಾದ ಕಡೆ ಅಡ್ಡಗೋಡೆಯಂತೆ ದಿಣ್ಣೆಯೊಂದು ಉಳಿಯುತ್ತದೆ. ಹಿಮದ ಅಡಿಯಲ್ಲಿ ಹರಿಯುವ ಕರಗಿದ ನೀರು ಮರಳನ್ನೂ ಕಲ್ಲನ್ನೂ ಹೊತ್ತು ಆ ದಿಣ್ಣೆಯನ್ನು ಗರಗಸದಂತೆ ಕೊಯ್ಯುತ್ತದೆ. ಟ್ರಿಫ್ಟಿನ ಇಕ್ಕಟ್ಟಾದ ಕಮರಿಯು ಹೀಗೆ ಕೊಯ್ದ ಗಾಯ. ಅದರ ಹಿಂದಿನ ಬೋಗುಣಿಯಲ್ಲಿ ಈಗ ನೀರು ನಿಂತು ಸರೋವರವಾಗಿದೆ.

ಸೇತುವೆ ಏಕೆ ಬಂತು?

ಈ ಸರೋವರಕ್ಕೆ ವಯಸ್ಸು ಹೆಚ್ಚಿಲ್ಲ. 20ನೆಯ ಶತಮಾನದ ಕೊನೆಯವರೆಗೂ ಆ ಬೋಗುಣಿಯ ತುಂಬ ಹಿಮನದಿಯ ನಾಲಗೆ ಚಾಚಿಕೊಂಡಿತ್ತು. ಎದುರು ಬದಿಯ ಎತ್ತರದಲ್ಲಿ ಪರ್ವತಾರೋಹಿಗಳ ತಂಗುಮನೆಯೊಂದಿತ್ತು. ಅಲ್ಲಿಗೆ ಹೋಗುವವರು ಹಿಮದ ಮೇಲೆಯೇ ನಡೆದು ಆಚೆ ದಡವನ್ನು ಸೇರುತ್ತಿದ್ದರು. ಭೂಮಿಯ ವಾತಾವರಣವು ಬೆಚ್ಚಗಾದಂತೆ ನಾಲಗೆಯು ತೆಳುವಾಯಿತು, ಮುರಿಯಿತು, ಹಿಂದಕ್ಕೆ ಸರಿಯಿತು. ಹಿಮವಿದ್ದಲ್ಲಿ ನೀರು ತುಂಬಿತು. ದಾರಿಯೇ ಕರಗಿಹೋಯಿತೆಂದರೆ ಅದು ಅಲಂಕಾರದ ಮಾತಲ್ಲ.

ಆದುದರಿಂದ 2004ರಲ್ಲಿ ಕಮರಿಯ ಮೇಲೆ ಮೊದಲ ತೂಗುಸೇತುವೆ ಬಂದಿತು. ನೇಪಾಳದ ಬೆಟ್ಟಗಾಡಿನ ಜನರು ಬಳಸುತ್ತ ಬಂದಿರುವ ಮೂರು ಹಗ್ಗಗಳ ಸೇತುವೆಯೇ ಅದಕ್ಕೆ ಮಾದರಿಯಾಯಿತು: ಕಾಲಿಡಲು ಒಂದು ಹಗ್ಗ, ಕೈಗಳಿಗೆ ಎರಡು. ಹಿಮಾಲಯದ ಹಳೆಯ ವಿದ್ಯೆ ಆಲ್ಪ್ಸಿನ ಹೊಸ ಕಷ್ಟಕ್ಕೆ ಒದಗಿತೆಂಬುದು ಗಮನಾರ್ಹ. ಆ ಸೇತುವೆ ಗಾಳಿಗೆ ಬಹಳ ಓಲಾಡುತ್ತಿತ್ತು. ಅದನ್ನು ಮುಟ್ಟುವ ದಾರಿಯೂ ಕಷ್ಟವಾಗಿತ್ತು. 2009ರಲ್ಲಿ ಅದರ ಬದಲಿಗೆ ಈಗಿರುವ, ಇನ್ನೂ ಎತ್ತರದ ಸೇತುವೆಯನ್ನು ಕಟ್ಟಿದರು.

ಹಗ್ಗವು ಭಾರವನ್ನು ಹೊರುವ ರೀತಿ

ಕಂಬಗಳಿಲ್ಲದೆ ಇಷ್ಟು ಉದ್ದದ ಸೇತುವೆ ನಿಲ್ಲುವುದು ಹೇಗೆ? ಒಂದು ಪ್ರಯೋಗವನ್ನು ಮಾಡಿ ನೋಡಿ. ನಾಲ್ಕು ಮಾರು ಹಗ್ಗದ ನಡುವೆ ನೀರು ತುಂಬಿದ ಬಿಂದಿಗೆಯನ್ನು ತೂಗುಹಾಕಿ, ಎರಡು ತುದಿಗಳನ್ನು ಇಬ್ಬರು ಹಿಡಿದುಕೊಳ್ಳಿರಿ. ಹಗ್ಗವು ಚೆನ್ನಾಗಿ ಜೋಲುಬಿದ್ದಿರುವಾಗ ಹಿಡಿಯುವುದು ಸುಲಭ. ಈಗ ಹಗ್ಗವನ್ನು ನೆಟ್ಟಗೆ ಮಾಡಲು ಎಳೆಯಿರಿ. ಜೋಲು ಕಡಮೆಯಾದಷ್ಟೂ ಎಳೆಯಬೇಕಾದ ಬಲ ಏರುತ್ತದೆ. ಎಷ್ಟೇ ಬಲಶಾಲಿಗಳಾದರೂ ಹಗ್ಗವನ್ನು ಪೂರ್ತಿಯಾಗಿ ನೆಟ್ಟಗೆ ಮಾಡಲಾರಿರಿ. ಭಾರವು ಕೆಳಮುಖವಾದುದು, ಅದನ್ನು ಎತ್ತಿ ಹಿಡಿಯಲು ಹಗ್ಗದ ಎಳೆತಕ್ಕೆ ಮೇಲ್ಮುಖವಾದ ಅಂಶವಿರಬೇಕು. ಹಗ್ಗ ಓರೆಯಾಗಿದ್ದರೆ ಮಾತ್ರ ಆ ಅಂಶ ದೊರೆಯುತ್ತದೆ.

ಇದನ್ನು ಲೆಕ್ಕದಲ್ಲಿಯೂ ಕಾಣಬಹುದು. ಭಾರವು ಉದ್ದಕ್ಕೂ ಸಮವಾಗಿ ಹರಡಿದ್ದರೆ, ಒಂದು ಮೀಟರಿನ ಭಾರವನ್ನು ದಡಗಳ ನಡುವಣ ಅಂತರದ ವರ್ಗದಿಂದ ಗುಣಿಸಿ, ಜೋಲಿನ ಎಂಟರಷ್ಟರಿಂದ ಭಾಗಿಸಿದರೆ ಅಡ್ಡ ಎಳೆತವು ಸಿಗುತ್ತದೆ. ಉದಾಹರಣೆಗಾಗಿ, 160 ಮೀಟರು ಅಂತರದ ಒಂದು ಸೇತುವೆಯನ್ನು ಕಲ್ಪಿಸಿಕೊಳ್ಳೋಣ. ಮೀಟರಿಗೆ 100 ಕಿಲೋಗ್ರಾಮಿನಂತೆ ಒಟ್ಟು ಭಾರ 16 ಟನ್ನು. ಜೋಲು 8 ಮೀಟರು ಇದ್ದರೆ ಎಳೆತ 40 ಟನ್ನು. ಜೋಲನ್ನು 4 ಮೀಟರಿಗೆ ಇಳಿಸಿದರೆ 80 ಟನ್ನು! ಸೇತುವೆಯ ಭಾರ ಬದಲಾಗಲಿಲ್ಲ. ಎಳೆತ ಮಾತ್ರ ಇಮ್ಮಡಿಯಾಯಿತು. ತೂಗುಸೇತುವೆಯನ್ನು ಹೊರುವ ಕೆಲಸದಲ್ಲಿ ಉಕ್ಕಿನ ಹಗ್ಗದಷ್ಟೇ ಪಾಲು ಎರಡು ದಡಗಳ ಬಂಡೆಗೂ ಉಂಟು. ಬಂಡೆಯೊಳಕ್ಕೆ ಆಳವಾಗಿ ಹುಗಿದ ಲಂಗರುಗಳು ಸಡಿಲಿದರೆ ಹಗ್ಗ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ. ಕರ್ನಾಟಕದಲ್ಲಿ ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಪಯಸ್ವಿನಿ ನದಿಗೆ ಅರಂಬೂರಿನಲ್ಲಿ ತೂಗುಸೇತುವೆಯನ್ನು ಕಟ್ಟಿ, ಮುಂದೆ ಅಂತಹ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿದರು. ಮಲೆನಾಡಿನ ಹೊಳೆಗೂ ಆಲ್ಪ್ಸಿನ ಕಮರಿಗೂ ಈ ಲೆಕ್ಕ ಒಂದೇ.

ಹೆಜ್ಜೆಯ ತಾಳ ಮತ್ತು ಗಾಳಿ

ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ಸರಿಯಾದ ಸಮಯಕ್ಕೆ ಮೆಲ್ಲಗೆ ತಳ್ಳುತ್ತ ಹೋದರೆ ಸಾಕು, ತೂಗಾಟವು ದೊಡ್ಡದಾಗುತ್ತದೆ. ಪ್ರತಿಯೊಂದು ಸೇತುವೆಗೂ ಉಯ್ಯಾಲೆಯಂತೆಯೇ ತನ್ನದಾದ ತೂಗಾಟದ ಕಾಲವಿರುತ್ತದೆ. ನಡೆಯುವವರ ಹೆಜ್ಜೆಗಳು ಅದಕ್ಕೆ ಹೊಂದಿಕೊಂಡರೆ ಅನುರಣನವುಂಟಾಗಿ ಅಲುಗಾಟವು ಬೆಳೆಯುತ್ತದೆ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿ ಬ್ರಾಟನ್ ತೂಗುಸೇತುವೆಯು ಕವಾಯತಿನ ಹೆಜ್ಜೆಯಲ್ಲಿ ಸಾಗುತ್ತಿದ್ದ ಸೈನಿಕರ ಕೆಳಗೆ ಕುಸಿಯಿತು. ಸೇತುವೆಯ ಮೇಲೆ ಸೈನಿಕರು ತಾಳ ತಪ್ಪಿಸಿ ನಡೆಯಬೇಕೆಂಬ ಆಜ್ಞೆಗೆ ಇದು ಕಾರಣವಾಯಿತು. 2000ನೆಯ ಇಸವಿಯಲ್ಲಿ ಲಂಡನ್ನಿನಲ್ಲಿ ತೆರೆದ ಹೊಸ ಕಾಲುಸೇತುವೆಯೊಂದು ಜನಸಂದಣಿಯ ನಡಿಗೆಗೆ ಪಕ್ಕಕ್ಕೆ ಓಲಾಡತೊಡಗಿ, ಎರಡೇ ದಿನಗಳಲ್ಲಿ ಮುಚ್ಚಬೇಕಾಯಿತು. ಕಂಪನವನ್ನು ನುಂಗುವ ಸಾಧನಗಳನ್ನು ಅಳವಡಿಸಿ 2002ರಲ್ಲಿ ಅದನ್ನು ಮತ್ತೆ ತೆರೆದರು.

ಟ್ರಿಫ್ಟಿನಲ್ಲಿ ಕಣಿವೆಯ ಗಾಳಿಯದೂ ಒಂದು ಕಾಟ. ಹಗುರವಾದ, ಉದ್ದವಾದ ಸೇತುವೆಯನ್ನು ಅದು ಸುಲಭವಾಗಿ ತೊನೆದಾಡಿಸಬಲ್ಲುದು. ಇದನ್ನು ತಡೆಯಲು ಈಗಿನ ಸೇತುವೆಗೆ ಸ್ಥಿರತೆಯ ಹಗ್ಗಗಳನ್ನು ಬಿಗಿದಿದ್ದಾರೆ. ಡೇರೆಯನ್ನು ಗೂಟದ ಹಗ್ಗಗಳು ಹಿಡಿಯುವಂತೆ ಅವು ಸೇತುವೆಯನ್ನು ಹಿಡಿಯುತ್ತವೆ. ಕೈಹಿಡಿಯನ್ನೂ ಎತ್ತರಿಸಿದ್ದಾರೆ. ಆದರೂ ನಡೆಯುವಾಗ ಸೇತುವೆಯು ಸ್ವಲ್ಪ ಅಲುಗುತ್ತದೆ. ಈ ಅಲುಗಾಟ ದೋಷವಲ್ಲ, ಬಾಗಬಲ್ಲ ರಚನೆಯ ಗುಣ.

ಮುಂದೇನು?

ಸೇತುವೆಯ ನಡುವೆ ನಿಂತರೆ ಒಂದು ಕಡೆ ಹಾಲುಬೆರೆತ ಹಸಿರು ಬಣ್ಣದ ಸರೋವರ, ಅದರಾಚೆ ಮೇಲಕ್ಕೆ ಸರಿದ ಹಿಮ. ಹಿಮನದಿಯು ಅರೆದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುತ್ತಿರುವುದೇ ಈ ಬಣ್ಣಕ್ಕೆ ಕಾರಣ. 1931ರಿಂದ 2016ರ ವರೆಗೆ ಸ್ವಿಟ್ಸರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಅರ್ಧದಷ್ಟನ್ನು ಕಳೆದುಕೊಂಡವು. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಉಳಿದುದರ ಹತ್ತನೆಯ ಒಂದು ಭಾಗದಷ್ಟು ಕರಗಿತು.

ಇದರ ಪರಿಣಾಮ ಪರ್ವತಾರೋಹಿಗಳ ದಾರಿಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ಕಾವೇರಿ, ತುಂಗಭದ್ರೆಗಳು ಮಳೆಯನ್ನು ನಂಬಿದ ನದಿಗಳು. ಅವುಗಳ ನೀರನ್ನು ಕಟ್ಟಿ ಬೇಸಗೆಗೆ ಉಳಿಸುವ ಕೆಲಸವನ್ನು ಅಣೆಕಟ್ಟುಗಳು ಮಾಡುತ್ತವೆ. ಆಲ್ಪ್ಸಿನಲ್ಲಿ ಆ ಕೆಲಸವನ್ನು ಹಿಮನದಿಗಳೇ ಮಾಡುತ್ತಿದ್ದುವು: ಚಳಿಗಾಲದಲ್ಲಿ ಕೂಡಿಟ್ಟು, ಒಣ ಬೇಸಗೆಯಲ್ಲಿ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತಿದ್ದುವು. ಟ್ರಿಫ್ಟಿನ ನೀರು ಆರೆ ನದಿಯನ್ನೂ, ಅದರ ಮೂಲಕ ರೈನ್ ನದಿಯನ್ನೂ ಸೇರುತ್ತದೆ. ಹಿಮದ ಉಗ್ರಾಣವು ಬರಿದಾದರೆ ಅದರ ಬದಲಿಗೆ ಏನು?

ಹಿಮವು ಬಿಟ್ಟುಹೋದ ಈ ಬೋಗುಣಿಯಲ್ಲಿಯೇ ಅಣೆಕಟ್ಟನ್ನು ಕಟ್ಟಿ, ಸುಮಾರು 8.5 ಕೋಟಿ ಘನ ಮೀಟರು ನೀರನ್ನು ಚಳಿಗಾಲದ ವಿದ್ಯುತ್ತಿಗಾಗಿ ಶೇಖರಿಸಬೇಕೆಂಬ ಯೋಜನೆಯೊಂದು ಸಿದ್ಧವಾಯಿತು. 2024ರ ಜೂನ್ ತಿಂಗಳಲ್ಲಿ ಸ್ವಿಸ್ ಮತದಾರರು ಒಪ್ಪಿದ ವಿದ್ಯುತ್ ಕಾನೂನಿನಲ್ಲಿ ಆದ್ಯತೆ ಪಡೆದ 16 ಜಲವಿದ್ಯುತ್ ಯೋಜನೆಗಳಲ್ಲಿ ಟ್ರಿಫ್ಟ್ ಸಹ ಒಂದು. ಕಲ್ಲಿದ್ದಲು, ಎಣ್ಣೆಗಳನ್ನು ಸುಡದೆ ವಿದ್ಯುತ್ತನ್ನು ಪಡೆಯಬಹುದೆಂಬುದು ಯೋಜನೆಯ ಪರವಾದ ವಾದ. ಹಿಮದ ಅಡಿಯಿಂದ ಈಗತಾನೆ ಹೊರಬಂದು, ಮೊದಲ ಸಸ್ಯಗಳು ಬೇರೂರುತ್ತಿರುವ ಹೊಸ ನೆಲವನ್ನು ಮುಳುಗಿಸಬಾರದೆಂಬುದು ಪ್ರಕೃತಿ ಸಂರಕ್ಷಕರ ವಾದ. ಎರಡು ವಾದಗಳಲ್ಲಿಯೂ ತಿರುಳಿದೆ.

ಸೇತುವೆಯನ್ನು ಕಟ್ಟುವುದು, ಅಣೆಕಟ್ಟನ್ನು ಕಟ್ಟುವುದು ಮನುಷ್ಯನಿಗೆ ಸಾಧ್ಯ. ಬೋಗುಣಿಯನ್ನು ಮತ್ತೆ ಹಿಮದಿಂದ ತುಂಬುವುದು ಯಾವ ಇಂಜಿನಿಯರಿಗೂ ಸಾಧ್ಯವಿಲ್ಲ. ಅದಕ್ಕೆ ಬೇಕಾದುದು ತಂಪಾದ ವಾತಾವರಣ ಮತ್ತು ಬಹಳ ವರ್ಷಗಳ ಹಿಮಪಾತ. ಮಿಕ್ಕಿರುವ ಹಿಮವಾದರೂ ಉಳಿದೀತೆ ಎಂಬುದು ಮನುಷ್ಯನು ಇನ್ನು ಮುಂದೆ ಎಷ್ಟು ಇಂಧನವನ್ನು ಸುಡುವನೆಂಬುದನ್ನು ಅವಲಂಬಿಸಿದೆ.